ಕತ್ತು ಹೇಳಿದ ನಿಜ

ಅಪ್ಪನ ಬೆರಳುಗಳು ತಲೆಯ ಹಿಂಬದಿಗೆ ಬಂದು ನಿಂತಾಗ ಮರೆಟ್ಟಾ ಕಣ್ಣು ಮುಚ್ಚಿಕೊಂಡಳು. ಅಮೆರಿಕದ ಮಿಸೌರಿ ರಾಜ್ಯದ ಆ ಸಣ್ಣ ಊರಿನಲ್ಲಿ ಡಾಕ್ಟರ್ ವರ್ಲಿನ್ ಎಂದರೆ ನೋವನ್ನು ಕೈಯಿಂದಲೇ ಹುಡುಕಿ ಬಿಡಿಸುವ ಆಸ್ಟಿಯೋಪತಿ ವೈದ್ಯ. ಮಲಗಿದ್ದ ಮಗಳ ಕಾಲು ತಣ್ಣಗಾಗದಿರಲೆಂದು ಕಂಬಳಿ ಹೊದಿಸಿಯೇ ಅವನು ಅವಳ ತಲೆನೋವಿಗೆ ಕೈ ಹಾಕಿದ್ದ.

"ಸಿಕ್ಕಿರೋ ಎರಡು ಆಸ್ಟಿಯೋಪತಿ ಸೀಟಲ್ಲಿ ಒಂದನ್ನ ಇವತ್ತು ಬಿಡ್ಬೇಕಲ್ವಾ? ಯಾವುದು ಬಿಡ್ತೀಯ?"

"ಮೇನ್ ರಾಜ್ಯದ ಕಾಲೇಜಿಂದು. ನೀನು ಓದಿದ ಕಾಲೇಜಿಗೇ ಹೋಗ್ತೀನಪ್ಪ."

ಸುಳ್ಳು. ವರ್ಲಿನ್‌ನ ಮಗಳೆಂದು ಯಾರೂ ಗುರುತಿಸದ, ದೂರದ ಮೇನ್ ರಾಜ್ಯವೇ ಅವಳಿಗೆ ಬೇಕಿತ್ತು. ಬೆರಳಡಿಯಲ್ಲಿ ತನ್ನ ಕತ್ತು ಹಗ್ಗದಂತೆ ಬಿಗಿದದ್ದು ಅವಳಿಗೇ ತಿಳಿಯಿತು.

"ಈಗ ಮೇನ್‌ಗೆ ಹೋಗ್ತೀನಿ ಅನ್ನು, ನೋಡೋಣ."

"ಮೇನ್‌ಗೆ ಹೋಗ್ತೀನಿ." ಕತ್ತು ಬೆಣ್ಣೆಯಾಯಿತು.

ಅಪ್ಪ ನಕ್ಕ. "ಊರೋರ ಕತ್ತನ್ನೆಲ್ಲ ಹಿಡಿದೋನ ಹತ್ರ ಸುಳ್ಳಾ, ಕಳ್ಳಿ?" ಆ ನಗುವಿಗೆ ಅವಳ ಜೀವ ಹಗುರಾಯಿತು. ಹೋಗು ಎಂದೇ ಬಿಡುತ್ತಾನೆ ಎನ್ನಿಸಿತು. ಅವನು ಅವಳ ಅಂಗೈಯಲ್ಲಿ ಫೋನ್ ಇಟ್ಟ.

"ಮೇನ್ ಕಾಲೇಜಿಗೆ ಫೋನ್ ಮಾಡು. ಬರಲ್ಲ ಅಂತ ಹೇಳು."

"ಅಪ್ಪಾ…"

"ನನ್ನಿಂದಲೇ ಮುಚ್ಚಿಡೋಕೆ ಬರದವಳು ಅಷ್ಟು ದೂರ ಒಬ್ಬಳೇ ಏನು ಮಾಡ್ತೀಯ? ಕ್ಲಿನಿಕ್ ಬೋರ್ಡಿನ ಮೇಲೆ ನಿನ್ನ ಹೆಸರೂ ಬರೆಸಿಯಾಗಿದೆ. ಮಾಡು, ನಾನು ಹಿಡ್ಕೊಂಡಿರ್ತೀನಿ."

ಅವಳು ಹೇಳಿದಳು. ಆ ಕಡೆಯಿದ್ದ ಕಾಲೇಜಿನ ಹೆಂಗಸು, "ಇನ್ನೊಂದ್ಸಲ ಯೋಚ್ನೆ ಮಾಡ್ತೀಯೇನಮ್ಮಾ?" ಎಂದು ಮೆಲ್ಲಗೆ ಕೇಳಿದಳು. ಮರೆಟ್ಟಾ ಬೇಡವೆಂದಳು. ಅಪ್ಪನ ಬೆರಳು ಒಂದಿಷ್ಟೂ ಒತ್ತಲಿಲ್ಲ. ಕೂಸಿನ ತಲೆ ಹಿಡಿದಂತೆ ಹಿಡಿದಿತ್ತು. ಫೋನ್ ಕೆಳಗಿಟ್ಟಾಗ ಅವಳ ಕತ್ತಿನಲ್ಲಿ ಬಿಗಿತವೂ ಉಳಿದಿರಲಿಲ್ಲ, ಬಲವೂ ಉಳಿದಿರಲಿಲ್ಲ.

"ನೋಡಿದ್ಯಾ," ಎಂದ ಅಪ್ಪ ಅಕ್ಕರೆಯಿಂದ, "ಎಷ್ಟು ಚೆನ್ನಾಗಿ ಸಡಿಲಾಯ್ತು."