ಬಾಗಿಲು ಕೇಳಿದ ಯೋಗಕ್ಷೇಮ

ಆಸ್ಪತ್ರೆಯ ಮಾತಾಡುವ ಬಾಗಿಲು ಒಬ್ಬೊಬ್ಬರನ್ನು ವರ್ಷಕ್ಕೆ ಒಂದೇ ಸಲ ಹೇಗಿದ್ದೀರಿ ಎಂದು ಕೇಳುತ್ತದೆ. ನಮ್ಮ ಆರೋಗ್ಯಕ್ಕೆ ನಾವೇ ಹತ್ತಕ್ಕೆ ಇಷ್ಟು ಎಂದು ಅಂಕ ಹೇಳಬೇಕು. ಮೂರು ದಾಟಿದರೆ ಡಾಕ್ಟರು ನೋಡುವುದಿಲ್ಲ. ಕೆಮ್ಮಿದರೆ ರಕ್ತ ಬರುತ್ತಿದ್ದ ನೇಕಾರ ಈರಪ್ಪನಿಗೆ ಹೆಂಡತಿ ಶಂಕ್ರವ್ವ ವಾರವಿಡೀ ಬಾಯಿಪಾಠ ಮಾಡಿಸಿದ್ದಳು: "ಎರಡು ಅನ್ರಿ. ಮತ್ತೇನೂ ಅನಬ್ಯಾಡ್ರಿ."

ಬಾಗಿಲು ಮಗಳಂಥ ದನಿಯಲ್ಲಿ ಕೇಳಿತು: "ಕಾಕಾ, ಹೆಂಗದೀರಿ?"

ಈರಪ್ಪ ಟೊಪ್ಪಿಗೆ ಸರಿಮಾಡಿಕೊಂಡು ಕೈಮುಗಿದ. "ಆರಾಮ ಅದೀನವ್ವಾ."

"ಭಾಳ ಸಂತೋಷ. ಹತ್ತಕ್ಕೆ ಹತ್ತು. ಮುಂದಿನ ವರ್ಷ ಬರ್ರಿ."

ಶಂಕ್ರವ್ವ ಬಾಗಿಲು ಬಡಿದಳು. ಅದು ಆಗಲೇ ಸರದಿಯಲ್ಲಿ ಹಿಂದೆ ನಿಂತವರನ್ನು ಕರೆಯುತ್ತಿತ್ತು. ಅವಳು ಗಂಡನತ್ತ ತಿರುಗಿದಳು: "ಹೋದ ವರ್ಷಾನೂ ಇದನ್ನ ಅಂದ್ರಲ್ರೀ!"

ಈರಪ್ಪ ಕೆಂಪಾದ ಟವೆಲ್ ಮಡಚಿ ಬಗಲಲ್ಲಿ ಇಟ್ಟುಕೊಂಡ.

"ಅಷ್ಟು ಅಕ್ಕರೆಯಿಂದ ಕೇಳಿದವರಿಗೆ, ಸಾಯಾಕ್ಹತ್ತೀನಿ ಅಂತ ಹೆಂಗ ಹೇಳ್ಲಿ?"