ಮಾವಿನ ಸಿಪ್ಪೆ, ಮಾವನ ತೀರ್ಪು

“ದನಾನೂ ಮೂಸಿ ಬಿಟ್ಟ ಸಿಪ್ಪೇನ ನನಗೆ ತಿನ್ನಿಸ್ತೀಯಾ ತಾಯಿ? ಮಾವ ಅಂದ್ರೆ ಎಂಥ ಪ್ರೀತಿ ನಿಂಗೆ!”

ಮಾವಿನ ರಸದ ಕಾರ್ಖಾನೆಯ ಯಜಮಾನರು ಹಿತ್ತಲ ಶೆಡ್ಡಿನ ಬಾಗಿಲಲ್ಲಿ ಮೂಗು ಮುಚ್ಚಿಕೊಂಡು ನಿಂತಿದ್ದರು. ಅದೇ ವಾಸನೆಯನ್ನು ಬಾಟಲಿಗೆ ತುಂಬಿ ಮಾರಿಯೇ ಮೂರಂತಸ್ತಿನ ಮನೆ ಕಟ್ಟಿದ್ದು. ಬಾಟಲಿಯ ಒಳಗಿದ್ದರೆ ಪರಿಮಳ, ಹೊರಗಿದ್ದರೆ ನಾತ.

ಸೊಸೆ ನಗಲಿಲ್ಲ. ಗುಂಡಿಗೆ ಬೀಳುತ್ತಿದ್ದ ಸಿಪ್ಪೆಯನ್ನು ಅರೆದು, ತಟ್ಟೆಗೆ ಸುರಿದು, ಒಣಗಿಸಿ, ಚರ್ಮದಂಥ ಹಾಳೆ ಮಾಡುವುದನ್ನು ಅವಳು ಇದೇ ಶೆಡ್ಡಿನಲ್ಲಿ ಬಿದ್ದು ಎದ್ದು ಕಲಿತಿದ್ದಳು. ಅದರಿಂದ ಚಪ್ಪಲಿ ಮಾಡಿಸಬೇಕೆಂಬುದು ಅವಳ ಹಠ. ಮಾವನನ್ನು ಒಲಿಸಲು ಜೊತೆಗೊಂದು ತಿನ್ನುವ ಹಾಳೆಯನ್ನೂ ಮಾಡಿದ್ದಳು. ಮಾವನಿಗೋ, ಹೊಸ ಕಾರಿಗೆ ಈ ಶೆಡ್ಡಿನ ನೆರಳು ಬೇಕಿತ್ತು. ಇವತ್ತು ಅವರು ಒಪ್ಪದಿದ್ದರೆ ನಾಳೆ ಒಲೆ, ತಟ್ಟೆ, ಪಟ್ಟ ಪಾಡು ಎಲ್ಲವೂ ಅದೇ ಗುಂಡಿಗೆ.

ಮೇಜಿನ ಮೇಲೆ ಎರಡು ತಟ್ಟೆ. ಎರಡರಲ್ಲೂ ಮಿರಮಿರ ಮಿಂಚುವ ಕಂದು ಹಾಳೆ.

“ಎರಡರಲ್ಲೂ ಸಿಪ್ಪೆ, ತಿರುಳು, ಚೂರು ಜೇನುಮೇಣ ಬಿಟ್ಟು ಬೇರೇನಿಲ್ಲ ಮಾವ. ಆದ್ರೆ ಒಂದು...”

“ವಿವರಣೆ ಬೇಡ. ಕಣ್ಣು ಮುಚ್ಚಿ ಹಣ್ಣಿನ ತಳಿ ಹೇಳೋ ನಾಲಗೆ ಇದು.”

ಒಂದು ಹಾಳೆಯನ್ನು ಎತ್ತಿ ಕಚ್ಚಿಯೇಬಿಟ್ಟರು. ಇನ್ನೊಂದನ್ನು, ಸೊಸೆ ಕರೆಸಿ ಕೂರಿಸಿದ್ದ ಚಪ್ಪಲಿ ಹೊಲಿಯುವವನ ಮಡಿಲಿಗೆ ಎಸೆದರು. ಕಾಲಲ್ಲಿದ್ದ ಚಪ್ಪಲಿಯನ್ನೂ ಅತ್ತ ತಳ್ಳಿದರು.

“ಇದಕ್ಕೆ ಒಳಗೊಂದು ಅಟ್ಟೆ ಹಾಕಯ್ಯ. ಸೊಸೆ ಕೈಗುಣ ನನ್ನ ಕಾಲಿಗೂ ಗೊತ್ತಾಗ್ಲಿ.”

“ಮಾವ, ನಿಧಾನ, ಅದು...”

“ನನ್ನ ಹಲ್ಲಿನ ಚಿಂತೆ ನಿಂಗೆ ಬೇಡಮ್ಮ. ಹೊಸದಾಗಿ ಕಟ್ಟಿಸಿದ್ದು.”

ಸೊಸೆ ಬಾಯಿ ಮುಚ್ಚಿಕೊಂಡಳು. ಈ ಮನೆಗೆ ಬಂದ ಮೇಲೆ ಅವಳಿಗೆ ಚೆನ್ನಾಗಿ ರೂಢಿಯಾದ ಕೆಲಸ ಅದು.

ಯಜಮಾನರು ಅಗಿದರು. ಅಗಿಯುತ್ತಲೇ ಇದ್ದರು. ಚಪ್ಪಲಿ ಹೊಲಿಯುವಾತ ಅಟ್ಟೆ ಕತ್ತರಿಸಿ ಅಂಟಿಸಿ ಮುಗಿಸಿದರೂ ಅವರ ದವಡೆ ನಿಂತಿರಲಿಲ್ಲ. ಕಡೆಗೂ ಕಣ್ಣರಳಿಸಿ ನುಂಗಿದರು.

“ಪರವಾಗಿಲ್ವೇ! ಸಿಹಿ ಸ್ವಲ್ಪ ಕಮ್ಮಿ. ಆದ್ರೆ ನಾರು ನೋಡು, ನಾರು! ಡಾಕ್ಟರು ಬಡ್ಕೊಳ್ಳೋದು ಇಂಥದನ್ನೇ ತಿನ್ನಿ ಅಂತ. ನಾಲಗೆ ಇದ್ದವನಿಗೆ ಮಾತ್ರ ಗೊತ್ತಾಗುತ್ತೆ.”

ನಂತರ ಚಪ್ಪಲಿ ಮೆಟ್ಟಿ ಬಿಸಿಲಲ್ಲಿ ಅಂಗಳ ಸುತ್ತಿ ಬಂದರು. ಬರುವಾಗ ಒಂಟಿಯಾಗಿರಲಿಲ್ಲ. ಅಟ್ಟೆ ಅಂಗಾಲಿಗೆ ಅಂಟಿತ್ತು. ಹಿಂದೆ ಇರುವೆಗಳ ಮೆರವಣಿಗೆ.

“ಇದು ಚಪ್ಪಲಿಯೋ, ಇರುವೆಗಳ ಮದುವೆ ಊಟವೋ? ಹಾಕ್ಕೊಂಡವರು ಬಂದು ನಮ್ಮ ಮುಖಕ್ಕೇ ಹೊಡೀತಾರೆ!”

ಸೊಸೆ ತಲೆ ತಗ್ಗಿಸಿದಳು.

“ಅಳಬೇಡ. ಮೆಚ್ಚಿದ್ದನ್ನ ಮೆಚ್ಚಿದೆ ಅನ್ನೋ ಮನುಷ್ಯ ನಾನು. ಶೆಡ್ಡು ನೀನೇ ಇಟ್ಕೋ, ಕಾರು ಬಿಸಿಲಲ್ಲಿ ನಿಂತ್ರೆ ಸಾಯಲ್ಲ. ಆದ್ರೆ ನಾನು ಬಾಯಿಗಿಟ್ಟಿದ್ದನ್ನ ಮಾತ್ರ ಮಾಡ್ಬೇಕು. ಕಾಲಿಗೆ ಹಾಕಿದ್ದು ಇಲ್ಲಿ ಮತ್ತೆ ಕಾಣಿಸ್ಕೋಬಾರ್ದು.”

“ನೀವು ತಿಂದದ್ದನ್ನೇ ಮಾಡ್ತೀನಿ ಮಾವ. ಈ ಅಣ್ಣನ ಎದುರಿಗೆ ಮಾತು ಕೊಟ್ಟಿದ್ದೀರಿ, ಆಮೇಲೆ ಬದಲಾಯಿಸಬಾರ್ದು.”

“ನಾನಾ? ಬದಲಾಯಿಸೋದಾ?”

ಕಾಲು ಕೊಡವುತ್ತ, ಮತ್ತೆ ಕೊಡವುತ್ತ, ಯಜಮಾನರು ಗತ್ತಿನಿಂದಲೇ ಹೊರಟುಹೋದರು.

ಚಪ್ಪಲಿ ಹೊಲಿಯುವಾತ ಮಡಿಲಲ್ಲಿ ಉಳಿದಿದ್ದ ಅಟ್ಟೆಯ ಚೂರುಗಳನ್ನು ಒಟ್ಟುಮಾಡಿದ.

“ಇವನ್ನೇನ್ ಮಾಡ್ಲಿ ಅಕ್ಕ?”

“ತಿನ್ನಿ ಅಣ್ಣ. ಅದನ್ನ ಮಾಡಿದ್ದೇ ತಿನ್ನೋಕೆ.”

ಆತ ಅನುಮಾನದಿಂದಲೇ ಒಂದು ಚೂರು ಬಾಯಿಗೆ ಹಾಕಿಕೊಂಡ. ಅಗಿಯುವ ಮೊದಲೇ ಕರಗಿಹೋಯಿತು.

ಅಷ್ಟರಲ್ಲಿ ಸೊಸೆ, ಮಾವನ ಹಲ್ಲಿನ ಗುರುತಿದ್ದ ಹಾಳೆಯನ್ನು ಮೇಜಿನ ಮೇಲೆ ಹರಡಿ, ಚಪ್ಪಲಿಯ ಅಳತೆಗೆ ಗೆರೆ ಎಳೆಯತೊಡಗಿದ್ದಳು.