ಅರ್ಧ ಸುತ್ತು

ಜಯಂತ್ ತನ್ನ ರೇಸ್ ಗಾಡಿಯ ಇಂಜಿನ್ನನ್ನು ಮೇಜಿನ ಮೇಲೆ ಕುಕ್ಕಿದ. ಪಕ್ಕದಲ್ಲಿದ್ದ ಸ್ಪ್ಯಾನರುಗಳು ಒಮ್ಮೆ ಹಾರಿ ಬಿದ್ದವು.

"ಸೀಜ್ ಆಗಿದೆ ಅಂಕಲ್, ಪಿಸ್ಟನ್ ಹಿಡ್ಕೊಂಡ್ಬಿಟ್ಟಿದೆ. ಪ್ರಾಕ್ಟೀಸಿನ ಆರನೇ ಲ್ಯಾಪಲ್ಲಿ, ಫುಲ್ ಸ್ಪೀಡಲ್ಲಿ. ಹಿಂದಿನ ಚಕ್ರ ಲಾಕ್ ಆಗಿ ಹೋಗಿ ಟ್ರ್ಯಾಕ್ ಪಕ್ಕದ ಟೈರ್ ಗೋಡೆಗೆ ಗುದ್ದಿದೀನಿ. ಪೆಟ್ರೋಲಿಗೆ ಆಯಿಲ್ ಹಾಕಿದ್ದು ಯಾರು?"

ದೊಡ್ಡನೆಕ್ಕುಂದಿಯ ಆ ತಗಡಿನ ಶೆಡ್ಡಿನಲ್ಲಿ ಪೆಟ್ರೋಲಿಗೆ ಆಯಿಲ್ ಬೆರೆಸುವವಳು ನಾಗರತ್ನಾ ಒಬ್ಬಳೇ. ಅದು ಅವನಿಗೂ ಗೊತ್ತಿತ್ತು. ಯಾದಗಿರಿ ಕಡೆಯಿಂದ ಬಂದು ನಾಲ್ಕು ವರ್ಷದ ಹಿಂದೆ ಕಸ ಗುಡಿಸಲು ಸೇರಿದವಳು, ಬಿಚ್ಚಿದ ಭಾಗಗಳನ್ನು ತೊಳೆಯುತ್ತ ತೊಳೆಯುತ್ತ ಕೆಲಸ ಕಲಿತು, ಈಗ ಕಾರ್ಟ್ ರೇಸಿನ ಇಂಜಿನ್ನುಗಳನ್ನು ತಾನೇ ಜೋಡಿಸಿ ಟ್ರ್ಯಾಕಿಗೂ ಹೋಗುತ್ತಿದ್ದಳು. ಮೊಣಕಾಲೆತ್ತರದ ಆ ಪುಟ್ಟ ಗಾಡಿಗಳ ನಡುವೆ, ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟು ಓಡಾಡುವ ಹೆಂಗಸು ಅವಳೊಬ್ಬಳೇ.

"ನಾನ ಹಾಕೀನ್ರಿ. ಹತ್ತು ಲೀಟರಿಗೆ ಅರ್ಧ ಲೀಟರ್. ಅಳತಿ ತಪ್ಪಿಲ್ರಿ."

"ತಪ್ಪಿಲ್ದೆ ಸೀಜ್ ಹೆಂಗಾಗತ್ತೆ? ಟ್ರ್ಯಾಕಲ್ಲಿ ಎಲ್ಲರಿಗೂ ಹೇಳಿ ಬಂದಿದೀನಿ, ಈಯಮ್ಮನ ಕೈಗೆ ಕ್ಯಾನ್ ಕೊಡ್ಬೇಡಿ ಅಂತ."

ನಾಗರತ್ನಾ ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟಳು. ಶನಿವಾರ ರೇಸು. ಆ ಮಾತು ನಿಜವೆಂದೇ ಉಳಿದುಬಿಟ್ಟರೆ ಅಲ್ಲಿ ಯಾರೂ ಅವಳನ್ನು ತಮ್ಮ ಇಂಜಿನ್ನಿನ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಮತ್ತೆ ಪೊರಕೆಯೇ ಗತಿ. ಅವಳು ಶೆಡ್ಡಿನ ಯಜಮಾನ ಶ್ರೀನಿವಾಸಮೂರ್ತಿಯವರ ಕಡೆ ನೋಡಿದಳು. ಮೂವತ್ತು ವರ್ಷ ವಿಮಾನದ ಇಂಜಿನ್ನುಗಳನ್ನು ಪರೀಕ್ಷೆ ಮಾಡಿ ನಿವೃತ್ತರಾದವರು. ಅವರು ಕನ್ನಡಕ ಒರೆಸುತ್ತಿದ್ದರು.

"ಸರ್, ಇಂಜಿನ್ನಿನ ತಳ ಬಿಚ್ಚಿ ನೋಡ್ರಿ."

"ಯಾಕಮ್ಮ, ಪಿಸ್ಟನ್ ಬದಲಾಯಿಸಿದ್ರೆ ಆಯ್ತಲ್ಲ."

"ನೀವ ಕಲಿಸೀರಿ ಸರ್. ಟೂ-ಸ್ಟ್ರೋಕಿಗೆ ಬ್ಯಾರೆ ಎಣ್ಣಿ ಇರಂಗಿಲ್ಲ, ಪೆಟ್ರೋಲಿನ ಸಂಗಡ ಬಂದದ್ದಷ್ಟ ಅದರ ಪಾಲು ಅಂತ. ನಾ ಎಣ್ಣಿ ಕಡಿಮಿ ಹಾಕಿದ್ರ ತಳದ ಬೇರಿಂಗ್ ಒಣಗಿರಬೇಕು. ನೋಡ್ರಿ."

ಅವರು ಏಳಲಿಲ್ಲ. ಅವಳೇ ಬಿಚ್ಚತೊಡಗಿದಳು, ಮೆಣಸಿನ ಸಸಿ ನಾಟುವ ನಿಧಾನದಲ್ಲಿ, ಒಂದೊಂದೇ ನಟ್ಟನ್ನು ತೆಗೆದು ಸಾಲಾಗಿ ಇಡುತ್ತ. ಜಯಂತ್ ಎರಡು ಸಲ ಗಡಿಯಾರ ನೋಡಿಕೊಂಡ. ಹೆಡ್ಡು ಬಂತು, ಸಿಲಿಂಡರು ಬಂತು. ಪಿಸ್ಟನ್ನಿನ ಒಂದು ಮಗ್ಗುಲು, ಹೊಗೆ ಹೊರಗೆ ಹೋಗುವ ಕಡೆ, ಬೆಂದು ಗೀರುಗೀರಾಗಿತ್ತು. ಅರ್ಧ ಗಂಟೆಯ ಮೇಲೆ ತಳವೂ ಎರಡು ಹೋಳಾಗಿ ಬಿಚ್ಚಿಕೊಂಡಿತು. ಅವಳು ಬೇರಿಂಗಿನ ಮೇಲೆ ಬೆರಳಾಡಿಸಿ, ಆ ಬೆರಳನ್ನು ಜಯಂತನ ಮುಂದೆ ಹಿಡಿದಳು. ಹರಳೆಣ್ಣೆಯ ವಾಸನೆಯ ಆಯಿಲು ಬೆರಳಿಂದ ಅಂಗೈಗೆ ಇಳಿಯುತ್ತಿತ್ತು.

"ಇದನ್ನೂ ನೋಡ್ರಿ." ಕಾರ್ಬುರೇಟರನ್ನು ಎತ್ತಿಕೊಂಡು, ಪೆಟ್ರೋಲ್ ಬಿಡುವ ಸ್ಕ್ರೂವನ್ನು ಪೂರ್ತಿ ಮುಚ್ಚುವವರೆಗೆ ಎಣಿಸುತ್ತ ತಿರುಗಿಸಿದಳು. "ಮುಕ್ಕಾಲು ಸುತ್ತು. ನಾ ಒಂದೂಕಾಲಿಗೆ ಬಿಟ್ಟಿದ್ದೆ. ಅರ್ಧ ಸುತ್ತು ಯಾರು ಮುಚ್ಚಿದ್ರು?"

"ವೈಬ್ರೇಷನ್ನಿಗೆ ತಿರುಗಿರತ್ತೆ."

"ವೈಬ್ರೇಷನ್ನಿಗೂ ಎಲ್ಲಾರಿಗಿಂತ ಮುಂದ ಓಡೋ ಆಸಿ ಇತ್ತೇನ್ರಿ? ಸೀಟಿನಾಗ ಕುಂತ್ರ ಈ ಸ್ಕ್ರೂ ನಿಮ್ಮ ಬಲಗೈಗೆ ಸಿಗ್ತದ."

ಪೆಟ್ರೋಲ್ ಕಡಿಮೆ ಮಾಡಿದರೆ ಇಂಜಿನ್ನು ನಾಲ್ಕು ಲ್ಯಾಪು ಹುಚ್ಚೆದ್ದಂತೆ ಓಡುತ್ತದೆ, ಆಮೇಲೆ ಬೆಂದು ಹಿಡಿದುಕೊಳ್ಳುತ್ತದೆ. ಇದು ಅಲ್ಲಿದ್ದ ಮೂವರಿಗೂ ಗೊತ್ತಿದ್ದ ಸಂಗತಿ. ಜಯಂತ್ ನಕ್ಕುಬಿಟ್ಟ.

"ಸರಿ ಬಿಡಿ ಅಂಕಲ್, ಸ್ವಲ್ಪ ತಿರುಗಿಸ್ದೆ. ಎಲ್ಲರೂ ಮಾಡ್ತಾರೆ. ಶನಿವಾರಕ್ಕೆ ರೆಡಿ ಮಾಡ್ಕೊಡಿ."

"ಹಂಗಾರ ಟ್ರ್ಯಾಕಿನಾಗೂ ಇದನ್ನ ಹೇಳ್ರಿ," ಎಂದಳು ನಾಗರತ್ನಾ. ದನಿ ಏರಿಸದೆ ಕಾರ್ಬುರೇಟರನ್ನು ಅವನ ಮುಂದೆ ಇಟ್ಟಳು. "ಅಷ್ಟು ಮಂದಿ ಮುಂದ ನನ್ನ ಹೆಸರು ಹೇಳೀರಿ. ಅವರ ಮುಂದನ ಹೇಳ್ರಿ."

"ಏನು, ಮೈಕ್ ಹಿಡ್ಕೊಂಡು ಹೇಳ್ಬೇಕಾ?" ಅವನು ಶ್ರೀನಿವಾಸಮೂರ್ತಿಯವರ ಕಡೆ ತಿರುಗಿದ. "ಅಂಕಲ್, ಒಂದು ಕೆಲ್ಸ ಮಾಡಿ. ಈ ಸಲ ಇವರನ್ನ ಕರ್ಕೊಂಡು ಬರ್ಬೇಡಿ. ನಾನು ಹೇಳಿಯಾಗಿದೆ, ಈಗ ಇವರೇ ಬಂದು ನಿಂತ್ರೆ ನಂಗೆ ಒಂಥರಾ ಆಗತ್ತೆ. ನಮ್ಮ ಹುಡುಗರ ಐದು ಇಂಜಿನ್ನೂ ರಿಪೇರಿಗೆ ನಿಮ್ಹತ್ರಾನೇ ಬರತ್ತೆ, ಅದರ ಚಿಂತೆ ಬೇಡ."

ಅವನು ಹೊರಗೆ ಹೋದ. ಶ್ರೀನಿವಾಸಮೂರ್ತಿ ಹೊಸ ಪಿಸ್ಟನ್ನಿನ ಡಬ್ಬಿ ತೆರೆದು, ಒಳಗಿನ ಕಾಗದವನ್ನು ಬೇಕಾದದ್ದಕ್ಕಿಂತ ನಿಧಾನವಾಗಿ ಬಿಡಿಸಿದರು.

"ನಾಗರತ್ನಾ, ಈ ಶನಿವಾರ ನೀನು ಶೆಡ್ಡಲ್ಲೇ ಇದ್ಬಿಡಮ್ಮ. ಜನ ಎರಡು ದಿನಕ್ಕೆ ಮರೀತಾರೆ. ನಿನ್ನ ಕೆಲಸ ಏನು ಅಂತ ನಂಗೆ ಗೊತ್ತಿಲ್ವಾ?"

"ಗೊತ್ತಿತ್ತಲ್ರಿ ಸರ್. ನಾ ಬಿಚ್ಚೋಕ್ಕಿಂತ ಮೊದಲ ಗೊತ್ತಿತ್ತು ನಿಮಗ."

ಅವರು ಪಿಸ್ಟನ್ನನ್ನು ಬೆಳಕಿಗೆ ಹಿಡಿದು, ಅದರಲ್ಲಿ ಇಲ್ಲದ ಗೀರೊಂದನ್ನು ಹುಡುಕಿದರು.

"ಅವತ್ತು ಎಣ್ಣಿ ಯಾರು ಕಲಸ್ತಾರ್ರಿ?"

"ನಾನೇ ಮಾಡ್ಕೋತೀನಿ."

ನಾಗರತ್ನಾ ಬಾಗಿಲ ಕಡೆ ನೋಡಿದಳು. ಹೊರಗೆ ಜಯಂತನ ಎಸ್ಟೀಮ್ ಕಾರು ಹಿಂದೆ ಮುಂದೆ ಮಾಡುತ್ತ ತಿರುಗಿಕೊಳ್ಳುತ್ತಿತ್ತು.

"ಹಂಗಾರ ಲಗೂನ ಹೋಗ್ರಿ ಸರ್, ಕಾರು ಇನ್ನೂ ಗೇಟಿನಾಗ ಅದ. ಶನಿವಾರ ಮತ್ತ ಸೀಜ್ ಆದ್ರ ಯಾರ ಹೆಸರು ಹೇಳ್ತೀರಿ ಅಂತ ಅವರನ್ನ ಈಗಲೇ ಕೇಳಿ ಬರ್ರಿ."